ಹಲಸಿನ ಮರದ ಡ್ಯಾಶ್‌ಬೋರ್ಡ್

ನಮ್ಮ ಸೋದರಮಾವನಿಗೆ ಹುಚ್ಚು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಹುಚ್ಚಿಗೆ ಹುಣ್ಣಿಮೆ, ಅಮಾವಾಸ್ಯೆ ಎಂಬ ನಿಯಮವಾದರೂ ಇರುತ್ತದಂತೆ. ಮಾವನದ್ದು ವಾರದ ಏಳೂ ದಿನ, ಭಾನುವಾರ ಸ್ವಲ್ಪ ಹೆಚ್ಚು! ಭಾನುವಾರ ಹೆಚ್ಚಾಗಲು ನಾನೇ ಕಾರಣ ಎಂದು ಅತ್ತೆಯ ದೂರು. ನಾನು ಆಲೂರಿನಲ್ಲಿ ಪ್ರಾಥಮಿಕ ಶಾಲೆಯ ಟೀಚರು. ರಜೆ ಸಿಕ್ಕಿದರೆ ಬೆಳಗೋಡಿನ ಮಾವನ ಮನೆಗೆ ಓಡುತ್ತೇನೆ. ಹೇಳಿದ್ದಕ್ಕೆಲ್ಲ ತಲೆಯಾಡಿಸುವ ಒಬ್ಬಳು ಎದುರಿಗೆ ಕೂತರೆ ಯಾರ ಹುಚ್ಚು ತಾನೇ ಹೆಚ್ಚುವುದಿಲ್ಲ ಹೇಳಿ?

ಮಾವನ ಹುಚ್ಚು ಒಂದು ಅಂಬಾಸಿಡರ್ ಕಾರು. ಮಾವ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವರು. ಕೆಲಸ ಬಿಡುವಾಗ ಬೇರೆಯವರು ಶಾಲು, ಹಾರ ತೆಗೆದುಕೊಂಡು ಮನೆಗೆ ಬರುತ್ತಾರೆ. ಮಾವ ಗುಜರಿಗೆ ಹೊರಟಿದ್ದ ಎಸ್ಟೇಟಿನ ಹಳೇ ಕಾರನ್ನು ಟ್ರ್ಯಾಕ್ಟರಿಗೆ ಕಟ್ಟಿಸಿ ಎಳೆದುಕೊಂಡು ಬಂದರು. ಅಂದಿನಿಂದ ಅವರ ಮನೆಯಲ್ಲಿ ಕಾಫಿ ಮೂಟೆಗಳು ಜಗಲಿಯಲ್ಲಿ, ಕಾರು ಸ್ಟೋರಿನಲ್ಲಿ.

ಎಂಜಿನ್ನು ಬಿಚ್ಚಿ ಜೋಡಿಸಿ ಓಡುವ ಹಾಗೆ ಮಾಡಿದ್ದರು, ನಿಜ. ಆದರೆ ಡ್ಯಾಶ್‌ಬೋರ್ಡಿನಲ್ಲಿ ಒಂದು ಮೀಟರಿಗೂ ಜೀವವಿರಲಿಲ್ಲ. ವೇಗದ ಮುಳ್ಳು ಸೊನ್ನೆಯ ಮೇಲೆ ಧ್ಯಾನಕ್ಕೆ ಕೂತಿತ್ತು. ಪೆಟ್ರೋಲಿನ ಮುಳ್ಳು ಟ್ಯಾಂಕು ಬತ್ತಿದಾಗಲೂ ತುಂಬಿದೆ ಎಂದೇ ಹೇಳುತ್ತಿತ್ತು. ಅಂಥ ಆಶಾವಾದಿಯನ್ನು ನಾನು ಮನುಷ್ಯರಲ್ಲೂ ಕಂಡಿಲ್ಲ. ಮಾವನಿಗೆ ಇದರಿಂದ ಏನೂ ತೊಂದರೆಯಾಗಿರಲಿಲ್ಲ. ಮುಳ್ಳು ನೋಡಿ ಗಾಡಿ ಓಡಿಸುವವನು ಡ್ರೈವರೇ ಅಲ್ಲ ಎಂಬುದು ಅವರ ಸಿದ್ಧಾಂತ. ಜಗಲಿಯಲ್ಲಿ ಕೂತು, ರಸ್ತೆಯ ಏರಿನಲ್ಲಿ ಬರುವ ಲಾರಿಯ ಸದ್ದು ಕೇಳಿಯೇ ಅದರ ಕಾಯಿಲೆ ಹೇಳುತ್ತಿದ್ದರು.

ಅಂಥವರು ಹೋದ ವರ್ಷ ಕಾಫಿ ಕೊಯ್ಲು ಮುಗಿಯುತ್ತಿದ್ದಂತೆ ಹೊಸ ಡ್ಯಾಶ್‌ಬೋರ್ಡ್ ಹಾಕಬೇಕು ಎಂದು ಘೋಷಿಸಿದರು. ನಾವು ಬೆರಗಾದೆವು. ಕಾರಿನ ಹಿಂದಿನ ಬಾಗಿಲು ತೆಂಗಿನ ಹಗ್ಗದ ಕೃಪೆಯಲ್ಲಿ ನಿಂತಿತ್ತು. ಸೀಟಿನ ಸ್ಪ್ರಿಂಗುಗಳು ಕೂತವರನ್ನು ವಿಚಾರಿಸಿಕೊಳ್ಳುತ್ತಿದ್ದವು. ಮೊದಲು ಬಾಗಿಲು ಸರಿಮಾಡಿಸಿ, ನಾನು ಕೂತಾಗ ಬಿದ್ದುಹೋದರೆ ಯಾರು ಅಡಿಗೆ ಮಾಡುತ್ತಾರೆ ಎಂದು ಅತ್ತೆ ನ್ಯಾಯವಾಗಿಯೇ ಕೇಳಿದರು. ಮಾವ ಉತ್ತರ ಕೊಡಲಿಲ್ಲ. ಅವರು ಉತ್ತರ ಕೊಡದೆ ಇರುವುದು ಇತ್ತೀಚೆಗೆ ಹೆಚ್ಚಾಗಿತ್ತು. ವಯಸ್ಸಾದ ಹಾಗೆ ಮೊಂಡುತನ ಬಲಿಯುತ್ತಿದೆ ಎಂದು ನಾನು ತೀರ್ಮಾನಿಸಿದ್ದೆ.

ಹಳೆಯ ಡ್ಯಾಶ್‌ಬೋರ್ಡ್ ಬಿಚ್ಚಿದಾಗ ಅದರ ಹಿಂದೆ ಇಲಿಗಳ ಒಂದು ಸಂಸಾರ, ಅವುಗಳ ಮೂರು ತಲೆಮಾರಿನ ಆಸ್ತಿ ಸಿಕ್ಕಿತು. ಉಳಿದದ್ದು ತುಕ್ಕು ಮತ್ತು ವೈರು. ಯಾವ ವೈರು ಎಲ್ಲಿಯದು ಎಂದು ಮರೆಯಬಾರದಲ್ಲ? ಮಾವ ಅತ್ತೆಯ ಹಳೆಯ ಸೀರೆಯೊಂದನ್ನು ಹರಿದು, ಒಂದೊಂದು ವೈರಿಗೂ ಒಂದೊಂದು ಚೂರು ಕಟ್ಟಿ, ಅದರ ಮೇಲೆ ಪೆನ್ನಿನಲ್ಲಿ ಹೆಸರು ಬರೆದರು. ಒಂದೇ ತಪ್ಪಾಯಿತು. ಸೀರೆ ಹಳೆಯದಾಗಿರಲಿಲ್ಲ. ಆ ವಾರ ಮಾವನಿಗೆ ಮನೆಯಲ್ಲಿ ಊಟ ಸಿಕ್ಕಿತು, ಮಾತು ಸಿಗಲಿಲ್ಲ.

ಹೊಸ ಡ್ಯಾಶ್‌ಬೋರ್ಡಿಗೆ ನಾವಿಬ್ಬರೂ ಹಾಸನದ ಗುಜರಿ ಅಂಗಡಿಗಳನ್ನು ಅಲೆದೆವು. ಕೊನೆಗೆ ಒಂದು ಕಡೆ ಮೀಟರುಗಳೆಲ್ಲ ಸರಿಯಿದ್ದ ತಗಡಿನ ಡ್ಯಾಶ್‌ಬೋರ್ಡ್ ಸಿಕ್ಕಿತು. ಬಸ್ಸಿನಲ್ಲಿ ಅದನ್ನು ಮೇಲಿಡಿ ಎಂದು ಕಂಡಕ್ಟರು ಹೇಳಿದರು. ಮಾವ ಕೇಳಲಿಲ್ಲ. ತೊಡೆಯ ಮೇಲೆ ನಿಲ್ಲಿಸಿಕೊಂಡು, ಎರಡೂ ಕೈಯಲ್ಲಿ ಹಿಡಿದು, ಮುಂದಿನ ಸೀಟಿನಲ್ಲಿ ಗಂಭೀರವಾಗಿ ಕೂತರು. ನೋಡಿದವರಿಗೆ ಬಸ್ಸು ಓಡಿಸುತ್ತಿರುವವರು ಯಾರು ಎಂದು ಅನುಮಾನ ಬರುವಂತಿತ್ತು. ಹಳ್ಳ ಬಂದಾಗಲೆಲ್ಲ ವೇಗದ ಮುಳ್ಳು ಜಿಗಿದು ಎಲ್ಲೋ ಒಂದು ಕಡೆ ನಿಲ್ಲುತ್ತಿತ್ತು. ಬಸ್ಸು ಆಲೂರಿನ ನಿಲ್ದಾಣದಲ್ಲಿ ನಿಂತಿದ್ದಾಗ ಪಕ್ಕದ ಅಜ್ಜಿಯೊಬ್ಬರು ಮೀಟರನ್ನು ಇಣುಕಿ ನೋಡಿ, ಅರವತ್ತರಲ್ಲಿ ಹೋಗುತ್ತಿದ್ದೇವಲ್ಲ, ಸ್ವಲ್ಪ ನಿಧಾನ ಮಾಡಪ್ಪ ಎಂದರು.

ಇಷ್ಟೆಲ್ಲ ಮಾಡಿ ತಂದದ್ದು ಕಾರಿಗೆ ಕೂರಲಿಲ್ಲ. ಎರಡು ಬೆರಳಿನಷ್ಟು ಉದ್ದ ಹೆಚ್ಚು! ನಾನಾಗಿದ್ದರೆ ಅತ್ತುಬಿಡುತ್ತಿದ್ದೆ. ಮಾವ ಅದರಿಂದ ಮೀಟರುಗಳನ್ನು ಬಿಚ್ಚಿಕೊಂಡು, ಮನೆಯಲ್ಲಿದ್ದ ಹಲಸಿನ ಹಲಗೆಯೊಂದನ್ನು ಹೊತ್ತು ಊರಿನ ಬಡಗಿಯ ಹತ್ತಿರ ಹೋದರು. ಬಡಗಿ ಆಚಾರರು ಅದುವರೆಗೆ ಬಾಗಿಲು, ತೊಟ್ಟಿಲು, ದೇವರ ಮಂಟಪ ಮಾಡಿದವರು. ಐದು ದುಂಡು ತೂತುಗಳಿರುವ ಸಾದಾ ಹಲಗೆ ಸಾಕು ಎಂದು ಮಾವ ಹೇಳಿ ಬಂದರು. ಎರಡು ವಾರ ಬಿಟ್ಟು ಹೋದಾಗ ತೂತುಗಳೇನೋ ಇದ್ದವು. ಅವುಗಳ ಮೇಲೆ ಮಾವಿನ ತೋರಣ, ಎರಡೂ ತುದಿಗೆ ಒಂದೊಂದು ಗಿಣಿ! ಬೋಳು ಹಲಗೆಯನ್ನು ತಮ್ಮ ಕೈಯಿಂದ ಆಚೆ ಕಳಿಸಲು ಮನಸ್ಸು ಬರಲಿಲ್ಲ ಎಂದು ಆಚಾರರು ವಿವರಿಸಿದರು. ಅದನ್ನು ಕಾರಿನೊಳಗೆ ಕೂರಿಸಿದ ದಿನ ನೋಡಲು ಬಂದ ಪಕ್ಕದ ಮನೆಯವರು ಅಭ್ಯಾಸಬಲದಿಂದ ಚಪ್ಪಲಿ ಹೊರಗೆ ಬಿಟ್ಟರು.

ಇನ್ನು ವೈರಿಂಗ್. ಅದಕ್ಕೆ ಆನೇಮಹಲ್ಲಿನಿಂದ, ಪಂಪ್‌ಸೆಟ್ಟು, ಟ್ರ್ಯಾಕ್ಟರು ರಿಪೇರಿ ಮಾಡುವ ಎಲೆಕ್ಟ್ರಿಷಿಯನ್ ಒಬ್ಬರು ಬಂದರು. ಸೀರೆಯ ಚೂರುಗಳ ಮೇಲಿನ ಮಾವನ ಅಕ್ಷರ ಅವರಿಗೆ ತಿಳಿಯಲಿಲ್ಲ. ಮಾವನಿಗೂ ತಿಳಿಯಲಿಲ್ಲ. ಮಕ್ಕಳ ಕಾಗೆ ಕಾಲಿನ ಅಕ್ಷರ ಓದಿ ಬದುಕುವವಳು ಎಂದು ನನ್ನನ್ನು ಕೂರಿಸಿದರು. ನಾನು ಆತ್ಮವಿಶ್ವಾಸದಿಂದ ಓದಿದೆ. ‘ದಿಕ್ಕು’ ಎಂದಿದ್ದದ್ದನ್ನು ‘ದೀಪ’ ಎಂದು ಓದಿದೆನಂತೆ. ಇಂಡಿಕೇಟರ್ ಹಾಕಿದರೆ ಹೆಡ್‌ಲೈಟ್ ಹತ್ತಿತು. ಹಾರನ್ ಒತ್ತಿದರೆ ವೈಪರ್ ಆಡಿತು. ಮೂರು ಭಾನುವಾರ ಕಳೆದ ಮೇಲೆ ಎಲ್ಲ ಸರಿಹೋಯಿತು. ಒಂದು ಚೂರಿನ ಮೇಲಿನ ಶಾಯಿ ಮಾತ್ರ ಪೂರ್ತಿ ಅಳಿಸಿಹೋಗಿತ್ತು. ಆ ವೈರನ್ನು ಆಮೇಲೆ ನೋಡಿಕೊಂಡರಾಯಿತೆಂದು ಹಾಗೇ ಬಿಟ್ಟರು.

ಮಾವ ಒಗೆದ ಅಂಗಿ ಹಾಕಿಕೊಂಡು ಬಂದು ಸ್ಟೀರಿಂಗ್ ಮುಂದೆ ಕೂತು ಕೀಲಿ ತಿರುಗಿಸಿದರು. ಎಂಜಿನ್ ಒಂದೇ ಸಲಕ್ಕೆ ಹತ್ತಿಕೊಂಡಿತು. ಅದರ ಕೆಳಗಿನ ರಬ್ಬರುಗಳನ್ನೂ ಹೊಸದಾಗಿ ಹಾಕಿದ್ದರಿಂದ ಹಿಂದಿನ ನಡುಕವೇ ಇರಲಿಲ್ಲ. ಅಷ್ಟು ನಯವಾಗಿ ಓಡತೊಡಗಿತು. ನಾನು ಚಪ್ಪಾಳೆ ತಟ್ಟಿದೆ.

ಮಾವ ಮತ್ತೆ ಕೀಲಿ ತಿರುಗಿಸಿದರು. ಓಡುತ್ತಿರುವ ಎಂಜಿನ್ನಿಗೆ ಮತ್ತೆ ಸ್ಟಾರ್ಟ್ ಕೊಟ್ಟರೆ ಹಲ್ಲಿಗೆ ಹಲ್ಲು ಮಸೆದು ಕರ್ರ್ ಎಂದು ಕಿರುಚುತ್ತದೆ. ಕೇಳಿದವರ ಮೈ ಜುಮ್ಮೆನ್ನಬೇಕು. ಮಾವ ಎಂಜಿನ್ ಹತ್ತಿದೊಡನೆ ಏಳಬೇಕಾದ ಆಯಿಲ್ ಮೀಟರಿನ ಮುಳ್ಳನ್ನೇ ನೋಡುತ್ತಾ ಇನ್ನೊಮ್ಮೆ ತಿರುಗಿಸಿದರು. ಮುಳ್ಳು ಅಲುಗಲಿಲ್ಲ. ಬ್ಯಾಟರಿ ಇಳಿದಿದೆಯೇನೋ ಎಂದು ಗೊಣಗಿ ಮತ್ತೊಮ್ಮೆ ತಿರುಗಿಸಿದರು.

ನಾನು ನಗಲು ಬಾಯಿ ತೆರೆದವಳು ಅಲ್ಲಿಗೇ ನಿಂತೆ. ಎಲೆಕ್ಟ್ರಿಷಿಯನ್ ಕಿಟಕಿಯ ಒಳಗೆ ಕೈ ಹಾಕಿ ಮಾವನ ಕೈಯನ್ನು ಹಿಡಿದುಕೊಂಡರು. ಮಾವ ತಿರುಗಿ ನೋಡಿದ ಮೇಲೆ, ಬಾಯಿ ಕಾಣುವ ಹಾಗೆ ನಿಧಾನವಾಗಿ ಹೇಳಿದರು.

“ಅಣ್ಣ, ಗಾಡಿ ಸ್ಟಾರ್ಟ್ ಆಗೈತೆ.”

ಮಾವ ಕೀಲಿಯಿಂದ ಕೈ ತೆಗೆದು ಹಲಗೆಯ ಮೇಲೆ ಅಂಗೈ ಊರಿದರು. ಆಮೇಲೆ ಎಂಜಿನ್ ಆರಿಸಿದರು.

“ಎರಡು ವರ್ಷ ಆಯ್ತು ಕಣವ್ವ,” ಎಂದರು ನನ್ನ ಕಡೆ ನೋಡದೆ. “ಮೊದ್ಲು ಎಡಗಿವಿ ಹೋಯ್ತು. ಈಗ ಬಲಗಡೇದೂ ಹೋಗ್ತಾ ಐತೆ. ಕಿವಿ ಇದ್ದಾಗ ಈ ಮುಳ್ಳು ಬೇಕಿರ್ಲಿಲ್ಲ.”

ಹಿಂದಿನ ಬೆಂಚಿನ ಹುಡುಗಿ ಎರಡು ಸಲ ತಪ್ಪು ಉತ್ತರ ಕೊಟ್ಟರೆ ಅವಳಿಗೆ ಕಿವಿ ಕೇಳುತ್ತದೋ ಇಲ್ಲವೋ ಎಂದು ಪರೀಕ್ಷಿಸಿ ಮುಂದೆ ಕೂರಿಸುವ ಟೀಚರು ನಾನು. ಮಾವನ ವಿಷಯದಲ್ಲಿ ಎರಡು ವರ್ಷ ಮೊಂಡುತನವೆಂದು ನಗುತ್ತಾ ಕಳೆದಿದ್ದೆ. ಅಷ್ಟರಲ್ಲಿ ಅತ್ತೆ ಕಾಫಿ ತಂದರು. ನಮ್ಮ ಮುಖಗಳನ್ನು ನೋಡಿಯೇ ಅವರಿಗೆ ಅರ್ಥವಾಯಿತು.

“ನಂಗೆ ಗೊತ್ತಿತ್ತು ಬಿಡಿ,” ಎಂದು ಮಾವನ ಬಲಗಡೆಗೆ ಬಂದು ಲೋಟ ಕೊಟ್ಟರು. “ಹೇಳ್ಕೊಂಡ್ರೆ ಎಲ್ಲಿ ಗಾಡಿ ಬುಡುಸ್ಬುಡ್ತೀವೋ ಅಂತ ಹೆದ್ರಿದ್ರಿ.”

ಆಗ ನನಗೂ ಹೊಳೆಯಿತು. ಅತ್ತೆ ಇತ್ತೀಚೆಗೆ ಊಟಕ್ಕೆ ಕೂತರೂ, ರಸ್ತೆಯಲ್ಲಿ ನಡೆದರೂ ಮಾವನ ಬಲಗಡೆಗೇ ಇರುತ್ತಿದ್ದರು.

ಎಲೆಕ್ಟ್ರಿಷಿಯನ್ ಕಾಫಿ ಕುಡಿಯದೆ ಡ್ಯಾಶ್‌ಬೋರ್ಡಿನ ಕೆಳಗೆ ನುಸುಳಿದರು. ಹೆಸರು ಅಳಿಸಿಹೋಗಿದ್ದ ಆ ವೈರು ಆಯಿಲ್ ಮೀಟರಿನದೇ. ಸಿಕ್ಕಿಸಿ, ಈಗ ಹಾಕಿ ಎಂದು ಕೈಸನ್ನೆ ಮಾಡಿದರು. ಮಾವ ಕೀಲಿ ತಿರುಗಿಸಿದರು. ಮುಳ್ಳು ನಡುಗಿ, ಮೆಲ್ಲಗೆ ಎದ್ದು, ನಡುವೆ ಬಂದು ನಿಂತಿತು. ಮಾವ ಕೂಡಲೇ ಕೈ ತೆಗೆದರು.

ಕಿವಿ ಡಾಕ್ಟರ ಹತ್ತಿರ ಬರಲು ಮಾವ ಒಂದು ಷರತ್ತು ಹಾಕಿದರು: ಇದೇ ಕಾರಿನಲ್ಲಿ ಹೋಗಬೇಕು. ಅತ್ತೆಯೂ ಒಂದು ಷರತ್ತು ಹಾಕಿದರು: ಮೊದಲು ಹಿಂದಿನ ಬಾಗಿಲು. ಬಾಗಿಲಿಗೆ ಹೊಸ ಬಿಜಾಗರಿ ಬಿತ್ತು. ಮುಂದಿನ ಶನಿವಾರ ಮೂವರೂ ಹಾಸನಕ್ಕೆ ಹೊರಟೆವು.

ತೋಟದ ದಾರಿಯಲ್ಲಿ ಮಾವನೇ ಓಡಿಸಿದರು. ಹೆದ್ದಾರಿ ಸೇರುವ ಮುಂಚೆ ತಾವಾಗಿಯೇ ಕಾರು ನಿಲ್ಲಿಸಿ ಇಳಿದು, ಸುತ್ತಿ ಬಂದು ನನ್ನ ಬಾಗಿಲು ತೆರೆದರು. ಅಲ್ಲಿ ಲಾರಿಗಳ ಹಾರನ್ ಕೇಳಬೇಕಾಗುತ್ತದೆ, ಇನ್ನು ಮುಂದೆ ನೀನು ಓಡಿಸು, ಮೀಟರು ನಾನು ನೋಡಿಕೊಳ್ಳುತ್ತೇನೆ ಎಂದರು. ಯಾರೂ ಅವರಿಗೆ ಹಾಗೆ ಹೇಳಿರಲಿಲ್ಲ. ಹೇಳುವ ಧೈರ್ಯ ನನಗಂತೂ ಇರಲಿಲ್ಲ.

ಹಾಸನದ ಡಾಕ್ಟರು ಎರಡೂ ಕಿವಿ ಪರೀಕ್ಷಿಸಿ, ಬಲಗಿವಿಗೆ ಯಂತ್ರ ಹಾಕಿದರೆ ಬಹಳ ಮಟ್ಟಿಗೆ ಕೇಳಿಸುತ್ತದೆ, ಯಂತ್ರ ಎರಡು ವಾರದಲ್ಲಿ ಬರುತ್ತದೆ ಎಂದರು. ಹಿಂದಿರುಗುವಾಗ ಮಾವ ಗೆಲುವಾಗಿದ್ದರು. ನನ್ನ ಪಕ್ಕ ಕೂತು ಆಯಿಲ್ ಸರಿ ಐತೆ, ಬಿಸಿ ಸರಿ ಐತೆ ಎಂದು ವರದಿ ಒಪ್ಪಿಸುತ್ತಿದ್ದರು. ಆಲೂರು ದಾಟಿ ಏರು ಶುರುವಾದಾಗ ಮುಳ್ಳುಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ ಸ್ವಲ್ಪ ನಾಚಿದವರಂತೆ ನನ್ನನ್ನು ಕೇಳಿದರು.

“ಸದ್ದು ಹೆಂಗೈತವ್ವ?”

ಸದ್ದು ಚೆನ್ನಾಗಿದೆ ಎಂದೆ. ಅದು ಅವರಿಗೆ ಸಾಲಲಿಲ್ಲ. ಹೆಂಗೆ ಚೆನ್ನಾಗೈತೆ ಎಂದರು. ಮಕ್ಕಳಿಗೆ ವ್ಯಾಕರಣ ಹೇಳಿಕೊಡುವ ನನಗೆ ಒಂದು ಮಾತೂ ಸಿಗಲಿಲ್ಲ. ಹಿಂದಿನ ಸೀಟಿನಿಂದ ಅತ್ತೆ ಮುಂದಕ್ಕೆ ಬಗ್ಗಿ, ಮಾವನ ಬಲಗಿವಿಗೆ ಬಾಯಿ ಹತ್ತಿರ ತಂದರು.

“ಸಮಕ್ಕೆ ಓಡ್ವಾಗ ಅಕ್ಕಿ ಕೇರ್ದಂಗೆ ಐತೆ. ಏರಲ್ಲಿ ಮಾತ್ರ ಒಸಿ ಗೊಣಗ್ತದೆ, ನಿಮ್ಮಂಗೆ.”

ಮಾವ ನಕ್ಕರು. ಹಾಗಾದರೆ ಗೇರ್ ಇಳಿಸು ಎಂದು ನನಗೆ ಹೇಳಿದರು. ಇಳಿಸಿದೆ. ಅತ್ತೆ ಅವರ ಹೆಗಲ ಮೇಲೆ ಕೈಯಿಟ್ಟುಕೊಂಡು, ಕಣ್ಣು ಮುಚ್ಚಿ, ಸ್ವಲ್ಪ ಹೊತ್ತು ಎಂಜಿನ್ನನ್ನೇ ಕೇಳಿದರು. ಮಾವ ಕಾಯುತ್ತಿದ್ದರು.

“ಈಗ ಸರಿಹೋಯ್ತು,” ಎಂದರು ಅತ್ತೆ.