ನಮ್ಮ ಕಾರಿನ ಸೀಟಿಗೆ ನೂರಕ್ಕೆ ನೂರು ಕೊಟ್ಟ ಮಹನೀಯರಿಗೆ

ಹಳೆಗಾಡಿ ಬಳಗದ ಅಸಲಿ ಬಣ್ಣ ಪರಿಶೀಲನಾ ಸಮಿತಿಯ ಅಧ್ಯಕ್ಷರೂ, ಮರೂನು ಬಣ್ಣದ ಮಹಾಪೋಷಕರೂ ಆದ ಶ್ರೀ ಪ್ರಭುಸ್ವಾಮಿಯವರ ಸನ್ನಿಧಾನಕ್ಕೆ ಜಯಲಕ್ಷ್ಮಿಪುರಂನಿಂದ ದಾಕ್ಷಾಯಣಮ್ಮ ಬಾಗಿದ ತಲೆಯಿಂದ, ಬಾಗದ ಮನಸ್ಸಿನಿಂದ ಬರೆದುಕೊಳ್ಳುವ ಬಿನ್ನಹ.

ಮಾನ್ಯರೇ,

ಅಂಕ ಕಡಿಮೆ ಬಂದವರು ದೂರು ಬರೆಯುವುದು ಲೋಕದ ರೂಢಿ. ನಾನು ಪೂರ್ತಿ ಅಂಕ ಬಂದದ್ದಕ್ಕೆ ಬರೆಯುತ್ತಿದ್ದೇನೆ. ಕಳೆದ ದಸರೆಯಲ್ಲಿ ತಾವು ನಡೆಸಿದ ಹಳೆ ಕಾರುಗಳ ಮೆರವಣಿಗೆಯಲ್ಲಿ, ನಮ್ಮ ಮನೆಯ ಅರವತ್ನಾಲ್ಕನೇ ಇಸವಿಯ ಕಾರಿಗೆ 'ಅತ್ಯಂತ ಅಸಲಿ ಒಳಬಣ್ಣ' ಎಂಬ ಪ್ರಶಸ್ತಿ ದಯಪಾಲಿಸಿದಿರಿ. ಆ ಫಲಕ ಈಗ ನಮ್ಮ ಹಿತ್ತಲಿನಲ್ಲಿದೆ. ನಾಲ್ಕು ಸಂಡಿಗೆ ಒಣಹಾಕೋಣವೆಂದರೆ ಅಗಲ ಸಾಲದು.

ಪ್ರಶಸ್ತಿಗೆ ಮೊದಲು ಏನಾಯಿತೆಂಬುದನ್ನು ತಾವು ಮರೆತಿರಬಹುದು. ದೊಡ್ಡವರ ಮರೆವೂ ದೊಡ್ಡದೇ. ಹೋದ ವರ್ಷ ನಾನು ಆ ಕಾರನ್ನು ಇಂಜಿನ್ನಿನಿಂದ ಹಿಡಿದು ಬಾಗಿಲಿನ ಹಿಡಿಯವರೆಗೆ ರಿಪೇರಿ ಮಾಡಿಸಿದೆ. ಆಸೆ ನನ್ನದಲ್ಲ, ನನ್ನ ತಾಯಿ ಪುಟ್ಟಬಸಮ್ಮನವರದು. ಎಂಬತ್ತನಾಲ್ಕು ತುಂಬಿದ ಅವರು, ತಮ್ಮ ಗಂಡ ಓಡಿಸುತ್ತಿದ್ದ ಗಾಡಿಯಲ್ಲಿ ಒಂದು ಸಲ ಅರಮನೆಯ ಮುಂದೆ ಹಾದುಹೋಗಬೇಕೆಂದಿದ್ದರು. ಮೆರವಣಿಗೆಗೆ ತಮ್ಮ ಸಮಿತಿಯ ಒಪ್ಪಿಗೆ ಬೇಕೆಂದು ತಿಳಿದು, ತಮ್ಮನ್ನು ಮನೆಗೆ ಬರಮಾಡಿಕೊಂಡೆ. ಎಪ್ಪತ್ತು ದಾಟಿಯೂ ಕಾಡಿಗೆಯಷ್ಟು ಕಪ್ಪಾಗಿರುವ ತಲೆಗೂದಲನ್ನು ಕಾರಿನೊಳಗೆ ತೂರಿಸಿ, ಟಾರ್ಚು ಬಿಟ್ಟು, ವಿದೇಶದಿಂದ ತರಿಸಿದ ಬಣ್ಣದ ಪಟ್ಟಿಯನ್ನು ಸೀಟಿನ ಪಕ್ಕ ಹಿಡಿದು, ತಾವು ನಿಟ್ಟುಸಿರು ಬಿಟ್ಟಿರಿ. "ಅಯ್ಯೋ, ಬೂದಿ ಬಣ್ಣ! ಇದು ಕಾರ್ಖಾನೆಯ ಬಣ್ಣ ಅಲ್ಲ ಕಣ್ರೀ, ಮರೂನು ಇರಬೇಕಿತ್ತು" ಎಂದಿರಿ. ನಾನು ಕೊಟ್ಟ ಕಾಫಿಯನ್ನು ಮಾತ್ರ ಯಾವ ಪಟ್ಟಿಗೂ ಹೋಲಿಸದೆ ಕುಡಿದಿರಿ.

ತಾವು ಹೇಳಿದ್ದು ಸತ್ಯ. ಕಾರ್ಖಾನೆಯಿಂದ ಬಂದಾಗ ಸೀಟು ಮರೂನೇ ಇತ್ತು. ಅದು ಬೂದಿ ಬಣ್ಣಕ್ಕೆ ತಿರುಗಿದ್ದಕ್ಕೆ ನನ್ನ ತಂದೆ ಏಕಾಂತಯ್ಯನವರ ಬ್ರೇಕು ಕಾರಣ. ಬೆಲ್ಲದ ಮಂಡಿ ನಡೆಸುತ್ತಿದ್ದ ಅವರು ಹಸು ಕಂಡರೂ ಬ್ರೇಕು, ಹಸುವಿನ ನೆರಳು ಕಂಡರೂ ಬ್ರೇಕು ಹಾಕುವವರು. ಆಗ ನಮ್ಮ ಬೀದಿಗೆ ಅದೊಂದೇ ಕಾರು. ಮಠಕ್ಕೆ ಹೋಗುವ ಹಿರಿಯರೆಲ್ಲ ಹಣೆತುಂಬ ವಿಭೂತಿ ಧರಿಸಿ ಹಿಂದೆ ಕೂರುತ್ತಿದ್ದರು. ಅಪ್ಪ ಬ್ರೇಕು ಒತ್ತಿದೊಡನೆ ಹಣೆಗಳೆಲ್ಲ ಮುಂದಿನ ಸೀಟಿನ ಬೆನ್ನಿಗೆ ತಾಗಿ, ಮರೂನಿನ ಮೇಲೆ ಮೂರು ಮೂರು ಬಿಳಿಗೆರೆ ಮೂಡುತ್ತಿದ್ದವು. ಒದ್ದೆಬಟ್ಟೆಯಲ್ಲಿ ಒರೆಸಿದರೆ ಇಡೀ ಸೀಟು ಸುಣ್ಣ ಬಳಿದಂತಾಗುತ್ತಿತ್ತು. ಒರೆಸುವವರು ಯಾರು? ಆಗಷ್ಟೇ ಮದುವೆಯಾಗಿ ಬಂದಿದ್ದ ನನ್ನ ತಾಯಿ.

ಒರೆಸಿ ಒರೆಸಿ ಬೇಸತ್ತ ಅವರು, ಬ್ರೇಕು ಬಿಡಿ, ಇಲ್ಲವೇ ಬಣ್ಣ ಬಿಡಿ ಎಂದು ಅಪ್ಪನಿಗೆ ಹೇಳಿದರು. ಅಪ್ಪ ಬಣ್ಣ ಬಿಟ್ಟರು. ಅಮ್ಮ ದೇವರ ಗೂಡಿನಿಂದ ಒಂದು ವಿಭೂತಿ ಗಟ್ಟಿಯನ್ನು ಸೆರಗಿಗೆ ಕಟ್ಟಿಕೊಂಡು ರೆಕ್ಸಿನ್ ಅಂಗಡಿಗೆ ಹೋಗಿ, ಗಲ್ಲಾಪೆಟ್ಟಿಗೆಯ ಮೇಲಿಟ್ಟು, "ಇದೇ ಬಣ್ಣ ಕೊಡಿ" ಎಂದರಂತೆ. ಆ ಮನೆಗೆ ಬಂದ ಮೇಲೆ ಅವರ ಮಾತು ನಡೆದದ್ದು ಅದೇ ಮೊದಲು. ಈ ಸಲ ರಿಪೇರಿಯಲ್ಲಿ ನಾನೂ ಅಂಥದ್ದೇ ಗಟ್ಟಿ ಹಿಡಿದುಕೊಂಡು ಅಂಗಡಿ ಅಂಗಡಿ ಅಲೆದು ಆ ಬಣ್ಣ ಹುಡುಕಿ ತಂದಿದ್ದೆ. ಇದನ್ನೆಲ್ಲ ತಮಗೆ ಹೇಳಿದಾಗ, ಭಾವನೆಗಳಿಗೆ ಅಂಕವಿಲ್ಲ ಎಂದು ತಾವು ಅಪ್ಪಣೆ ಕೊಡಿಸಿದಿರಿ.

ಅಮ್ಮನಿಗೆ ಮೆರವಣಿಗೆ ತಪ್ಪಬಾರದೆಂದು ಸೀಟಿಗೆ ಮತ್ತೆ ಮರೂನು ಹಾಕಿಸಲು ಒಪ್ಪಿದೆ. ಸೀಟು ಹೊಲಿಯುವ ರಾಜೀವನಗರದ ಜವರಪ್ಪ "ಹೊಸಾದ್ನ ಯಾಕಮ್ಮ ಕಿತ್ತಾಕ್ಸ್ತೀರಾ?" ಎಂದು ಕೇಳುತ್ತಲೇ ಬೂದಿ ರೆಕ್ಸಿನ್ ಕಿತ್ತು ಮರೂನು ಹೊಲಿದುಕೊಟ್ಟ. ಮೆರವಣಿಗೆಯ ಬೆಳಿಗ್ಗೆ ಅಮ್ಮ ರೇಷ್ಮೆ ಸೀರೆಯುಟ್ಟು ಗೇಟಿನವರೆಗೆ ಬಂದರು. ಬಾಗಿಲು ತೆಗೆದು ಒಳಗೆ ನೋಡಿದರು. "ಯಾರ್ ಮನೇದು ಕಣಮ್ಮ ಈ ಗಾಡಿ?" ಎಂದರು. ನಮ್ಮದೇ ಎಂದೆ. "ನಮ್ದಲ್ಲ ಬುಡು. ಊರೋರ್ ಗಾಡೀಲಿ ನಾನ್ಯಾಕ್ ಮೆರವಣಿಗೆ ಹೋಗ್ಲಿ?" ಎಂದವರೇ ಒಳಗೆ ಹೋಗಿ ಸೀರೆ ಬದಲಾಯಿಸಿದರು. ಹಿಂದಿನ ಸೀಟು ಖಾಲಿ ಇಟ್ಟುಕೊಂಡು ನಾನೊಬ್ಬಳೇ ಅರಮನೆಯ ಮುಂದೆ ಹಾದುಹೋದೆ. ತಾವು ವೇದಿಕೆಯಿಂದ ಚಪ್ಪಾಳೆ ತಟ್ಟಿದಿರಿ.

ಆದ್ದರಿಂದ ಘನ ಸಮಿತಿಯಲ್ಲಿ ಪ್ರಾರ್ಥನೆ. ಬಣ್ಣವನ್ನು ಕಾರ್ಖಾನೆಯ ದಿನಕ್ಕೆ ಒಯ್ದ ತಾವು ಕೆಲಸವನ್ನು ಅರ್ಧಕ್ಕೆ ಬಿಡಬಾರದು. ಆ ಇಸವಿಯಲ್ಲಿ ನನ್ನ ತಾಯಿಗೆ ಇಪ್ಪತ್ತಮೂರು ವರ್ಷ, ಮಂಡಿನೋವು ಇರಲಿಲ್ಲ. ದಯವಿಟ್ಟು ಅದನ್ನೂ ಸರಿಪಡಿಸಿ. ಸ್ಟಿಯರಿಂಗಿನ ಹಿಂದೆ ನನ್ನ ತಂದೆ ಕೂತಿರುತ್ತಿದ್ದರು; ಅಸಲಿ ಬಿಡಿಭಾಗಗಳು ಎಲ್ಲಿ ಸಿಗುತ್ತವೆಂದು ಬಲ್ಲ ತಾವು ಅವರನ್ನೂ ತರಿಸಿಕೊಡಿ. ಅದಾಗದಿದ್ದರೆ, ಪುಟ್ಟಬಸಮ್ಮ ಎಂಬುವವರು ಈ ಕಾರಿನಲ್ಲಿ ಅರವತ್ತು ವರ್ಷ ಓಡಾಡಿದ್ದು ಅಸಲಿಯಲ್ಲವೆಂದು ಮೊಹರು ಒತ್ತಿ ಒಂದು ಪತ್ರವನ್ನಾದರೂ ಕೊಡಿ.

ಇನ್ನೊಂದು ವಿಷಯ ಸಮಿತಿಯ ಗಮನಕ್ಕೆ. ಮೊನ್ನೆ ಕೆಸರೆಯಲ್ಲಿ ನೆಂಟರ ಮನೆ ಗೃಹಪ್ರವೇಶವಿತ್ತು. ಆಟೋ ಸಿಗದೆ ಅಮ್ಮ ಗೊಣಗುತ್ತಲೇ ಕಾರು ಹತ್ತಿದರು. ದಾರಿಯಲ್ಲಿ ನಾಯಿಯೊಂದು ಅಡ್ಡ ಬಂದು ನಾನು ಗಕ್ಕನೆ ಬ್ರೇಕು ಹಾಕಿದೆ. ಗಾಬರಿಯಿಂದ ತಿರುಗಿ ನೋಡಿದರೆ ಅಮ್ಮನಿಗೇನೂ ಆಗಿರಲಿಲ್ಲ. ತಮ್ಮ ಅಸಲಿ ಮರೂನಿನ ಮೇಲೆ ಮಾತ್ರ ಮೂರು ಬಿಳಿಗೆರೆ ಮೂಡಿದ್ದವು. ಅಮ್ಮ ಅವನ್ನೇ ನೋಡುತ್ತಾ ಕೂತಿದ್ದರು. ನಾನು ಬಟ್ಟೆ ತೆಗೆದೆ. "ಒರೆಸ್ಬೇಡ ಕಣಮ್ಮ. ಈಗ ನಮ್ದಾಯ್ತು" ಎಂದರು.

ಒರೆಸಿಲ್ಲ, ಒರೆಸುವುದೂ ಇಲ್ಲ. ಗೆರೆಗೆ ಎಷ್ಟು ಅಂಕ ಕಳೆಯಬೇಕೋ ಕಳೆದುಕೊಳ್ಳಿ.

ನೂರಕ್ಕೆ ನೂರು ತಮ್ಮ ವಿಶ್ವಾಸಿ,
ದಾಕ್ಷಾಯಣಮ್ಮ

ತಾಜಾಕಲಂ: ಮರುಪರಿಶೀಲನೆಗೆ ತಾವು ಅಗತ್ಯವಾಗಿ ಬರಬೇಕು. ಹಿಂದಿನ ಸೀಟಿನಲ್ಲಿ ತಮ್ಮನ್ನು ಕೂರಿಸಿಕೊಂಡು ನಾನೇ ಓಡಿಸುತ್ತೇನೆ. ಅಪ್ಪನ ಬ್ರೇಕು ಈಗ ನನಗೂ ಚೆನ್ನಾಗಿ ಬರುತ್ತದೆ. ತಮ್ಮ ಶಿರಸ್ಸು ಸೀಟಿಗೆ ತಾಗಿ ಅಲ್ಲೇನಾದರೂ ಕಪ್ಪು ಅಂಟಿದರೆ, ಅದು ಅಸಲಿ ಬಣ್ಣವೋ ಅಲ್ಲವೋ ಎಂಬ ತೀರ್ಪನ್ನು ನಮ್ಮ ತಾಯಿಯವರು ಕೊಡುತ್ತಾರೆ.