ಅವಂಕ್ಯುಲರ್ ಕಟ್ಟಿ

ಇಂಗ್ಲಿಷ್ ಬಿ.ಎ. ಮಾಡಿದ ಟೈಪಿಸ್ಟ್ ಸುಭಾಷಿಣಿ ಸುಮ್ಮನಿದ್ದಿದ್ದರೆ ಇದೇನೂ ಆಗುತ್ತಿರಲಿಲ್ಲ. ಟೈಪ್‌ರೈಟರಿನಲ್ಲಿ ಸಿಕ್ಕಿಕೊಂಡಿದ್ದ ರಿಬ್ಬನ್ ಬಿಡಿಸಿಕೊಟ್ಟ ಗುಮಾಸ್ತ ವಾದಿರಾಜ ಕಟ್ಟಿಗೆ ಆಕೆ ನಗುತ್ತ, "ಯೂ ಆರ್ ಸೋ ಅವಂಕ್ಯುಲರ್, ಕಟ್ಟಿಯವರೇ!" ಎಂದುಬಿಟ್ಟಳು.

ಎಂಬತ್ತನೇ ಇಸವಿಯಲ್ಲಿ ಬಾಗಲಕೋಟೆಯಿಂದ ಬ್ಯಾಂಕಿನ ಪರ್ಕಳ ಶಾಖೆಗೆ ವರ್ಗವಾಗಿ ಬಂದಾಗಿನಿಂದ ಕಟ್ಟಿ ಆಕೆಯನ್ನು ಒಳಗೊಳಗೇ ಪ್ರೀತಿಸುತ್ತಿದ್ದ. ಈಗ ಆ ಪದದ ಅರ್ಥ ಹುಡುಕಲು ಹೊರಟ. ಹೊಗಳಿದಳೋ, ಬೈದಳೋ? ಶಾಖೆಯ ನಿಘಂಟಿನಲ್ಲಿ 'ಎ' ಅಕ್ಷರವನ್ನು ಗೆದ್ದಲು ಪೂರ್ತಿ ತಿಂದಿತ್ತು.

ಕ್ಯಾಷಿಯರ್ ಡೊಮಿನಿಕ್‌ನನ್ನು ಗುಟ್ಟಾಗಿ ಕೇಳಿದ. ಡೊಮಿನಿಕ್‌ಗೆ ಗುಟ್ಟೆಂಬುದೇ ಗೊತ್ತಿಲ್ಲ. "ಕಾರ್ಬಂಕಲ್ ಅಂದರೆ ದೊಡ್ಡ ಕುರು ಮಾರಾಯ್ರೇ! ಇದೂ ಅದೇ ಜಾತಿಯದ್ದು. ಎಲ್ಲಿ ಎದ್ದಿದೆ?"

ಸುದ್ದಿ ಕಟ್ಟಿಗಿಂತ ಮೊದಲು ಅವನ ಬಿಡಾರ ತಲುಪಿತು. ಮಧ್ಯಾಹ್ನ ಮನೆ ಮಾಲಕಿ ರಮಾಮಣಿಯಮ್ಮ ಅರಶಿನದ ಬಿಸಿ ಲೇಪ ಹಿಡಿದು ಬಾಗಿಲಲ್ಲೇ ನಿಂತಿದ್ದರು. "ನಾಚಿಕೆ ಎಂತದ್ದು? ನಾನು ನಿಮ್ಮ ತಾಯಿಯ ಹಾಗೆ. ತೋರಿಸಿ!" ಕಟ್ಟಿ ಪ್ಯಾಂಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಓಡಿದ.

ಕೊನೆಗೆ ಡೊಮಿನಿಕನೇ ಕನಿಕರಪಟ್ಟು ಶಿರ್ವದ ರೊಸಾರಿಯೊ ಮಾಸ್ತರರ ಬಳಿ ಕರೆದೊಯ್ದ. ಪಾದ್ರಿಯಾಗಲು ಹೋಗಿ ಅರ್ಧಕ್ಕೇ ಮರಳಿದವರು. ಲ್ಯಾಟಿನ್ ಮಾತ್ರ ಅವರನ್ನು ಬಿಟ್ಟಿರಲಿಲ್ಲ.

"ಅವುಂಕುಲುಸ್!" ಮಾಸ್ತರರು ಅರಳಿದರು. "ಅವುಸ್ ಅಂದರೆ ಅಜ್ಜ. ಇದು ಪುಟ್ಟಜ್ಜ ಎಂದ ಹಾಗೆ, ಅಂದರೆ ತಾಯಿಯ ಸೋದರ. ಇಂಗ್ಲಿಷಿನ ಅಂಕಲ್ ಹುಟ್ಟಿದ್ದೂ ಇದರಿಂದಲೇ. ನೀವು ಸೋದರಮಾವನ ಹಾಗೆ ಅಂತ ಹುಡುಗಿ ಹೇಳಿದ್ದು."

ಡೊಮಿನಿಕ್ ಸಮಾಧಾನ ಹೇಳಲು ತಿರುಗಿದರೆ ಕಟ್ಟಿ ಕುಣಿಯುತ್ತಿದ್ದ.

"ಸೋದರಮಾವ! ನಮ್ಮ ಕಡೆ ಅಕ್ಕನ ಮಗಳನ್ನ ಸೋದರಮಾವಗೇ ಕೊಡ್ತಾರ್ರೀ! ಬಾಯಿಬಿಟ್ಟು ಹೇಳ್ಲಿಕ್ಕೆ ನಾಚಿಕೊಂಡು ಲ್ಯಾಟಿನ್ನಿನ್ಯಾಗ ಹೇಳ್ಯಾಳ!"

"ಆದರೆ ಇಲ್ಲಿ..." ಎಂದು ಡೊಮಿನಿಕ್ ಬಾಯಿ ತೆರೆಯುವಷ್ಟರಲ್ಲಿ ಕಟ್ಟಿ ಬಸ್ಸು ಹತ್ತಿಯಾಗಿತ್ತು. ಸಂಜೆ ಮಲ್ಲಿಗೆ ಹಿಡಿದು ಅಲೆವೂರಿನಲ್ಲಿ ಸುಭಾಷಿಣಿಯ ಮನೆಯಂಗಳದಲ್ಲಿ ನಿಂತ.

"ನೀವು ಅಂದದ್ದರ ಅರ್ಥ ತಿಳೀತು. ಸೋದರಮಾವ! ನನ್ನ ಪೂರ್ಣ ಒಪ್ಪಿಗಿ ಅದ."

ಸುಭಾಷಿಣಿಯ ಕಣ್ಣು ತುಂಬಿತು. "ನಿಜವಾ? ನನಗೆ ಕೇಳಲು ಧೈರ್ಯವೇ ಬಂದಿರಲಿಲ್ಲ! ಅಮ್ಮಾ, ಕಟ್ಟಿಯವರು ಒಪ್ಪಿದರು!"

ಕಟ್ಟಿಯ ಕಾಲು ನೆಲದ ಮೇಲಿರಲಿಲ್ಲ.

"ನಮ್ಮದು ತಾಯಿಯ ಕಡೆಯಿಂದ ಮನೆತನ ನಡೆಯುವ ಅಳಿಯಸಂತಾನ, ಸೋದರಮಾವನೇ ಯಜಮಾನ," ಸುಭಾಷಿಣಿ ಕಣ್ಣೊರೆಸಿಕೊಂಡಳು. "ಅವರು ಕೂರದೆ ಮದುವೆ ಮಾತುಕತೆ ಇಲ್ಲ. ಇದ್ದ ಒಬ್ಬ ಮಾವ ತೀರಿಕೊಂಡರು. ನಾಳೆ ಕಾರ್ಕಳದಿಂದ ಗಂಡಿನ ಕಡೆಯವರು ಬರುತ್ತಾರೆ, ನೀವೇ ಕೂತು ಮಾತು ಮುಗಿಸಬೇಕು. ಹುಡುಗನೆಂದರೆ ನನಗೆ ಜೀವ."

ತಾಯಿ ಹೊರಗೆ ಬಂದು ಮಲ್ಲಿಗೆಯನ್ನು ಕಣ್ಣಿಗೊತ್ತಿಕೊಂಡು ತೆಗೆದುಕೊಂಡರು.

"ತಮ್ಮಾ, ಹೊರಗೆ ನಿಂತದ್ದೆಂತಕ್ಕೆ? ಇನ್ನು ಇದು ನಿನ್ನದೇ ಮನೆ ಅಲ್ವಾ?"

ಮನೆಯೆಲ್ಲ ಕಟ್ಟಿಯದಾಯಿತು, ಹುಡುಗಿಯೊಬ್ಬಳನ್ನು ಬಿಟ್ಟು.