ಮೋಟರಿನ ಕಾವಲುಗಾರ

ಮೋಟರಿಗೆ ತಾನಾಗಿ ನಿಲ್ಲಲು ಬರುವುದಿಲ್ಲ. ಯಾರಾದರೂ ಎದ್ದು ಹೋಗಿ ನಿಲ್ಲಿಸಬೇಕು. ಎಂಬತ್ತೊಂಬತ್ತರ ಬೇಸಿಗೆಯಲ್ಲಿ, ಸಾಂತಾಕ್ರೂಜಿನ ಒಂದು ಹೌಸಿಂಗ್ ಸೊಸೈಟಿಯಲ್ಲಿ, ಆ ‘ಯಾರಾದರೂ’ ಎಂದರೆ ವನಮಾಲಾ. ಗಂಡ ಸತ್ಯಮೂರ್ತಿ ಸೊಸೈಟಿಯ ಸೆಕ್ರೆಟರಿ. ಆದ್ದರಿಂದ ಬೆಳಗಿನ ಮುನಿಸಿಪಾಲಿಟಿ ನೀರನ್ನು ಕೆಳಗಿನ ಟಾಕಿಯಿಂದ ಕಟ್ಟಡದ ನೆತ್ತಿಯ ಗಚ್ಚಿಯ ಟಾಕಿಗೆ ಏರಿಸುವುದು ಹೆಂಡತಿಯ ಕೆಲಸ. (ಪದವಿ ಅವನಿಗೆ, ಪಂಪು ಇವಳಿಗೆ.) ಮದುವೆಯಾಗಲಿ, ಮುಂಜಿಯಾಗಲಿ, ಆಕೆ ತಲುಪುತ್ತಿದ್ದುದು ಎಲೆ ಹಾಕುವ ಹೊತ್ತಿಗೇ.

“ಭಾನುವಾರ ಜೋಗೇಶ್ವರೀಲಿ ತಂಗಿ ಮಗೂ ನಾಮಕರಣ. ತೊಟ್ಟಿಲಿಗೆ ಹಾಕೋವಾಗ ನಾನಿರಲೇಬೇಕು. ಏನು ಮಾಡ್ತೀರೋ ಗೊತ್ತಿಲ್ಲ,” ಎಂದಳು ವನಮಾಲಾ.

‘ನೀನು ಹೋಗು, ಮೋಟರು ನಾನು ನೋಡ್ಕೋತೀನಿ’ ಎನ್ನಬಹುದಿತ್ತು. ಸತ್ಯಮೂರ್ತಿ ಎಂಜಿನಿಯರು, ಅಷ್ಟು ಸುಲಭದ ಉಪಾಯ ಹೊಳೆಯಲಿಲ್ಲ. ಮೈಕ್ರೋಕಂಟ್ರೋಲರ್ ಚಿಪ್ಪು ತಂದು ಊಟದ ಮೇಜಿನ ಮೇಲೆ ಬೆಸುಗೆಯಜ್ಞ ಆರಂಭಿಸಿದ. ಮನೆಯವರು ವಾರವಿಡೀ ನೆಲದ ಮೇಲೆ ಉಂಡರು.

“ಟಾಕಿ ತುಂಬಿದ ಕೂಡಲೇ ಇದು ಮೋಟರ್ ಬಂದ್ ಮಾಡತ್ತೆ ಕಣೇ.”

“ಇದಕ್ಕೇ ತಲೆ ಕೆಟ್ಟರೆ?”

“ಅದಕ್ಕೇ ವಾಚ್‌ಡಾಗ್! ಕಾವಲುನಾಯಿಯಂಥ ಸರ್ಕ್ಯೂಟು. ಚಿಪ್ಪು ಕ್ಷಣಕ್ಷಣಕ್ಕೂ ‘ಇದ್ದೀನಿ’ ಅಂತಿರಬೇಕು. ಅನ್ನಲಿಲ್ಲವೋ, ವಾಚ್‌ಡಾಗ್ ಮೋಟರಿನ ಕರೆಂಟೇ ಕಿತ್ತುಬಿಡತ್ತೆ.”

“ಅದು ಸುಳ್ಳು ಹೇಳಿದರೆ?”

“ಚಿಪ್ಪು ಸುಳ್ಳು ಹೇಳತ್ತೇನೇ, ಪೆದ್ದಿ!”

ಭಾನುವಾರ ಮೋಟರು ಹಚ್ಚಿ, ಪಂಪಿನ ಕೋಣೆಗೆ ಬೀಗ ಜಡಿದು, ಇಬ್ಬರೂ ಲೋಕಲ್ ರೈಲು ಹತ್ತಿದರು. ವನಮಾಲಾ ತೊಟ್ಟಿಲು ತೂಗಿದಳು, ಹಾಡು ಪೂರ್ತಿ ಹಾಡಿದಳು. ಸತ್ಯಮೂರ್ತಿ ಷಡ್ಡಕನಿಗೆ, ಪುರೋಹಿತರಿಗೆ, ಕೊನೆಗೆ ಮಗುವಿಗೂ ವಾಚ್‌ಡಾಗಿನ ಮಹಿಮೆ ಬೋಧಿಸಿದ.

ಮಧ್ಯಾಹ್ನ ಮರಳಿದಾಗ ಗಚ್ಚಿಯ ಟಾಕಿ ತುಂಬಿ ಹರಿದು ಮೆಟ್ಟಿಲ ಮೇಲೆ ಜಲಪಾತ. ಕೆಳಗಿನ ಟಾಕಿ ಖಾಲಿ. ನೀರಿಲ್ಲದೆ ತಿರುಗಿ ತಿರುಗಿ ಮೋಟರು ಸುಟ್ಟು ಕರಕಲು. ಪಕ್ಕದ ಚಾಳಿನವರು ಒಂದೇ ನಲ್ಲಿಯ ಮುಂದೆ ಕೊಡ ಹಿಡಿದು ಜಗಳಾಡುತ್ತಿದ್ದ ಹೊತ್ತಿನಲ್ಲಿ, ನಮ್ಮ ವಿಜ್ಞಾನಿಯ ನೀರು ಅವರ ಕಣ್ಣೆದುರೇ ಗಟಾರ ಸೇರಿತ್ತು.

“ಅರೇ ಮೂರ್ತಿಸಾಬ್, ಮೇರಾ ಸೋಫಾ ತೈರ್ ರಹಾ ಹೈ!” ಎಂದು, ತೇಲಿಹೋಗುತ್ತಿದ್ದ ಸೋಫಾ ಹಿಡಿದುಕೊಂಡೇ ಕೆಳಮನೆಯ ಸಾವಂತ್ ಕೂಗಿದ.

ಸತ್ಯಮೂರ್ತಿ ಪೆಟ್ಟಿಗೆ ಬಿಚ್ಚಿ ಪರೀಕ್ಷಿಸಿ, ಬೆವರಿದ. ಟಾಕಿ ನೋಡಬೇಕಾದ ಪ್ರೋಗ್ರಾಮು ನಡುವೆಯೇ ಮೂರ್ಛೆ ಹೋಗಿತ್ತು. ಆದರೆ ‘ಇದ್ದೀನಿ’ ಎನ್ನುವ ಕೆಲಸವನ್ನು ನಮ್ಮ ಎಂಜಿನಿಯರ್ ಮಹಾಶಯ, ಚಿಪ್ಪಿನೊಳಗೇ ಬೇರೆಯಾಗಿ ಓಡುವ ಗಡಿಯಾರಕ್ಕೆ ವಹಿಸಿದ್ದ. ಅದು ಪಾಪ, ಪಕ್ಕದ ಪ್ರೋಗ್ರಾಮು ಸತ್ತಿದೆಯೋ ಬದುಕಿದೆಯೋ ವಿಚಾರಿಸದೆ ‘ಇದ್ದೀನಿ, ಇದ್ದೀನಿ’ ಎಂದು ಜಪಿಸುತ್ತಿತ್ತು. ವಾಚ್‌ಡಾಗ್ ನಂಬಿ ಬಾಲ ಅಲ್ಲಾಡಿಸುತ್ತಿತ್ತು.

“ಗೊತ್ತಾಯ್ತು ಬಿಡಿ,” ಎಂದಳು ವನಮಾಲಾ, ಸೀರೆ ಎತ್ತಿಕಟ್ಟಿ ನೀರು ಗುಡಿಸುತ್ತಾ. “ಪೇಪರ್ ಓದ್ತಾ ನನಗೆ ‘ಹೂಂ, ಹೂಂ’ ಅಂತೀರಲ್ಲ, ಹಾಗೇ!”

ಸೊಸೈಟಿ ಮೆಟ್ಟಿಲ ಮೇಲೇ ಸಭೆ ಸೇರಿ, ಹೊಸ ಮೋಟರಿಗೆ ಕಾವಲುಗಾರನನ್ನು ಸರ್ವಾನುಮತದಿಂದ ನೇಮಿಸಿತು: ಖುದ್ದು ಸೆಕ್ರೆಟರಿ. ಈಗ ಮುಹೂರ್ತಕ್ಕೆ ಅವಳು, ಗಚ್ಚಿಗೆ ಅವನು.

ನಗುತ್ತಿದ್ದೀರಾ ಸ್ವಾಮಿ? ನಿಮ್ಮ ಬಿಲ್ಡಿಂಗಿನ ಮೋಟರಿನ ಸ್ವಿಚ್ಚು ಎಲ್ಲಿದೆ, ಹೇಳಿ ನೋಡೋಣ. ಅಡುಗೆಮನೆಯ ಕಡೆ ತಿರುಗಿ ಕೇಳಬೇಡಿ. ನಾಳೆ ಬೆಳಿಗ್ಗೆ ನೀವೇ ಎದ್ದು ಹೋಗಿ, ಬಂದ್ ಮಾಡಿ ಬನ್ನಿ.